ಚೈನೀಸ್ ಬಫೆಗೆ ಹೋದರೆ ಮೊದಲು ಬರಿಗೈಲಿ ಒಂದು ಸುತ್ತು ಹಾಕಿ

ಅಮೆರಿಕದಲ್ಲಿ ಸುಮಾರಾದ ಊರು ಯಾವುದೇ ಇರಲಿ, ಹೆದ್ದಾರಿ ಪಕ್ಕದ ಅಂಗಡಿ ಸಾಲಿನಲ್ಲಿ ಒಂದು ದೊಡ್ಡ ಚೈನೀಸ್ ಬಫೆ ಇದ್ದೇ ಇರುತ್ತದೆ. ಹಿಂದೆ ಯಾವುದೋ ದಿನಸಿ ಅಂಗಡಿ ಇದ್ದ ಕಟ್ಟಡ. ಬಾಗಿಲಲ್ಲಿ ಮೀನಿನ ತೊಟ್ಟಿ, ಕೌಂಟರ್ ಮೇಲೆ ಕೈ ಆಡಿಸುವ ಚಿನ್ನದ ಬಣ್ಣದ ಬೆಕ್ಕು, ಒಳಗೆ ಇನ್ನೂರು ಮುನ್ನೂರು ಜನ ಕೂರುವಷ್ಟು ಜಾಗ. ತಲೆಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಮುಗಿಯಿತು, ಹೊಟ್ಟೆ ಹಿಡಿಸುವಷ್ಟು ತಿನ್ನಬಹುದು.

ನಾವಿರುವುದು ಓಹಾಯೊದಲ್ಲಿ. ನಾನು ಹಾಸನದ ಕಡೆಯವನು, ಮಾಂಸ ಮೀನು ಎಲ್ಲ ತಿನ್ನುತ್ತೇನೆ. ಹೆಂಡತಿ ಉಡುಪಿಯವಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಊರಿನಿಂದ ಅತ್ತೆ ಮಾವ ಬಂದಿದ್ದಾಗ ಅವರನ್ನು ಬಫೆಗೆ ಕರೆದುಕೊಂಡು ಹೋದೆ. ಮಾವ ಮೊದಲ ಟ್ರೇ ಕಂಡಲ್ಲೇ ನಿಂತರು. ತಟ್ಟೆ ತುಂಬ ಬಿಳಿ ಅನ್ನ, ಅದರ ಮೇಲೆ ಬೇಯಿಸಿದ ಬ್ರಾಕೊಲಿ ಹಾಕಿಕೊಂಡು ಬಂದರು. ಅದು ಮುಗಿಯುವಷ್ಟರಲ್ಲಿ ಹೊಟ್ಟೆ ತುಂಬಿತ್ತು. "ಅನ್ನ ತಿನ್ನಲಿಕ್ಕೆ ಇಷ್ಟು ದೂರ ಬರಬೇಕಿತ್ತಾ ಮಾರಾಯ್ರೇ?" ಎಂದರು. ಇಪ್ಪತ್ತು ಡಾಲರಿನ ಅನ್ನ!

ತಪ್ಪು ಅವರದ್ದಲ್ಲ. ಪಂಕ್ತಿ ಊಟದಲ್ಲಿ ಎಲೆ ಮುಂದೆ ಕೂತರೆ ಸಾಕು. ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಆಮೇಲೆ ಅನ್ನ, ಸಾರು. ಯಾವುದು ಯಾವಾಗ ಬರಬೇಕು, ಎಷ್ಟು ಹಾಕಬೇಕು ಎಂಬುದನ್ನೆಲ್ಲ ಬಡಿಸುವವರು ನೋಡಿಕೊಳ್ಳುತ್ತಾರೆ. ಬಫೆಯಲ್ಲಿ ಉಣ್ಣುವವರೂ ನಾವೇ, ಬಡಿಸುವವರೂ ನಾವೇ. ಆ ಎರಡನೇ ಕೆಲಸ ಹೇಗೆ ಮಾಡುವುದು ಎಂದು ಐದಾರು ಸಲ ಹೋಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊತ್ತು ನೋಡಿ ಹೊರಡಿ

ಬಫೆಗೆ ಎರಡು ಬೆಲೆ. ಮಧ್ಯಾಹ್ನದ್ದು ಕಡಿಮೆ, ರಾತ್ರಿಯದು ಜಾಸ್ತಿ. ನಮ್ಮ ಕಡೆ ಮಧ್ಯಾಹ್ನ ಹದಿಮೂರು ಹದಿನಾಲ್ಕು ಡಾಲರ್, ರಾತ್ರಿ ಇಪ್ಪತ್ತರ ಆಸುಪಾಸು. ಭಾನುವಾರ ಬಹಳ ಕಡೆ ಇಡೀ ದಿನ ರಾತ್ರಿಯ ಬೆಲೆಯೇ. ಕುಡಿಯುವುದಕ್ಕೆ ಬೇರೆ ದುಡ್ಡು, ಟ್ಯಾಕ್ಸ್ ಬೇರೆ. ಮಕ್ಕಳಿಗೆ ವಯಸ್ಸಿನ ಮೇಲೆ ಕಡಿಮೆ ಮಾಡುತ್ತಾರೆ. ಹಿರಿಯರಿಗೂ ರಿಯಾಯಿತಿ ಇರುತ್ತದೆ, ಆದರೆ ಕೇಳದಿದ್ದರೆ ಕೆಲವರು ಕೊಡುವುದಿಲ್ಲ. ಕೇಳಿ, ನಾಚಿಕೆ ಬೇಡ.

ಮಧ್ಯಾಹ್ನದ ಬೆಲೆ ಸಾಮಾನ್ಯವಾಗಿ ಮೂರೂವರೆ, ನಾಲ್ಕಕ್ಕೆ ಮುಗಿಯುತ್ತದೆ. ಮೂರೂಕಾಲಿಗೆ ಒಳಗೆ ಹೋಗಿ ಕೂತರೆ ಮಧ್ಯಾಹ್ನದ ದುಡ್ಡಿಗೆ ರಾತ್ರಿಯ ಊಟ ಸಿಗುತ್ತದೆ ಎಂಬ ಉಪಾಯ ನಮ್ಮ ಗೆಳೆಯರಲ್ಲಿ ಬಹಳ ಓಡಾಡುತ್ತದೆ. ನಾನೂ ಒಮ್ಮೆ ಮಾಡಿ ನೋಡಿದೆ. ಹನ್ನೆರಡಕ್ಕೆ ಇಟ್ಟ ನೂಡಲ್ಸ್ ಒಣಗಿ ತಂತಿಯಾಗಿತ್ತು, ರಾತ್ರಿಯ ಟ್ರೇಗಳು ಐದಾದರೂ ಬರಲಿಲ್ಲ. ಆರು ಡಾಲರ್ ಉಳಿಸಲು ಎರಡು ಗಂಟೆ ಕಾದದ್ದಾಯಿತು.

ಒಳ್ಳೆಯ ಹೊತ್ತು ಅಂದರೆ ಜನ ಇರುವ ಹೊತ್ತು. ಮಧ್ಯಾಹ್ನ ಹನ್ನೆರಡರಿಂದ ಒಂದು, ಸಂಜೆ ಆರರಿಂದ ಏಳೂವರೆ. ಜನ ಇದ್ದರೆ ಟ್ರೇ ಬೇಗ ಖಾಲಿಯಾಗುತ್ತದೆ, ಬಿಸಿಯದು ಬರುತ್ತದೆ. ಅಮೆರಿಕದ ಎಫ್‌ಡಿಎ (ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಆಹಾರ ಸಂಹಿತೆಯ, ಅಂದರೆ ನಿಯಮಾವಳಿಯ ಪ್ರಕಾರ ಬಿಸಿ ತಿನಿಸು 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು, ತಣ್ಣನೆಯದು 5 ಡಿಗ್ರಿ ದಾಟಬಾರದು. ನೀವು ಥರ್ಮಾಮೀಟರ್ ಒಯ್ಯಬೇಕಿಲ್ಲ. ಟ್ರೇಯಿಂದ ಹಬೆ ಏಳುತ್ತಿದೆಯೇ, ಹಣ್ಣು ಸಲಾಡ್ ಇಟ್ಟ ಐಸ್ ಕರಗಿ ನೀರಾಗಿದೆಯೇ ನೋಡಿದರೆ ಗೊತ್ತಾಗುತ್ತದೆ. ಹೊಸ ಜಾಗವಾದರೆ ಹೊರಡುವ ಮುನ್ನ ಅದರ ಸ್ವಚ್ಛತೆಯ ತಪಾಸಣೆ ವರದಿ ಹುಡುಕಿ. ಬಹಳಷ್ಟು ಕೌಂಟಿಗಳು (ನಮ್ಮ ಜಿಲ್ಲೆಗಳ ಥರ) ಆನ್‌ಲೈನ್‌ನಲ್ಲೇ ಹಾಕುತ್ತವೆ. ನ್ಯೂಯಾರ್ಕ್ ನಗರದಲ್ಲಂತೂ 2010ರಿಂದ ಎ, ಬಿ, ಸಿ ಎಂದು ದರ್ಜೆ ಬರೆದು ಬಾಗಿಲಿಗೇ ಅಂಟಿಸಿರುತ್ತಾರೆ.

ಬೆಳಿಗ್ಗೆಯಿಂದ ಉಪವಾಸ ಇದ್ದು ಹೋಗುವವರಿದ್ದಾರೆ. ಬೇಡ. ಹಸಿವು ಜಾಸ್ತಿ ಇದ್ದವರು ಮೊದಲ ಟ್ರೇಯಲ್ಲೇ ಸಿಕ್ಕಿಬೀಳುತ್ತಾರೆ.

ಬರಿಗೈಲಿ ಸುತ್ತು

ಕುರ್ಚಿ ಸಿಕ್ಕಿತು, ನೀರು ಹೇಳಿದಿರಿ. ಐಸ್ ಬೇಡದಿದ್ದರೆ ಈಗಲೇ ಹೇಳಿ, ಇಲ್ಲವಾದರೆ ಲೋಟದ ಮುಕ್ಕಾಲು ಐಸ್ ಬರುತ್ತದೆ. ಬಿಸಿ ಚಹಾ ಬೇಕಾದರೆ ಕೇಳಿ, ಹಾಲಿಲ್ಲದ ಚಹಾ, ಎಣ್ಣೆ ತಿಂಡಿಗೆ ಒಳ್ಳೆಯ ಜೋಡಿ. ಈಗ ಏಳಿ, ಆದರೆ ತಟ್ಟೆ ಮುಟ್ಟಬೇಡಿ. ಕೈ ಬೀಸಿಕೊಂಡು ಎಲ್ಲ ಸಾಲುಗಳನ್ನೂ ಒಮ್ಮೆ ನೋಡಿ ಬನ್ನಿ. ಐದು ನಿಮಿಷದ ಕೆಲಸ.

ಎಲ್ಲಿ ಏನಿಡಬೇಕು ಎಂಬುದಕ್ಕೆ ಅವರದ್ದೂ ಒಂದು ಲೆಕ್ಕವಿದೆ. ಅನ್ನ, ನೂಡಲ್ಸ್, ಕರಿದ ಆಲೂಗಡ್ಡೆ ಥರದ ಅಗ್ಗದ, ಹೊಟ್ಟೆ ತುಂಬಿಸುವ ತಿನಿಸು ಕೈಗೆ ಮೊದಲು ಸಿಗುವ ಕಡೆ ಇರುತ್ತದೆ. ಸೀಗಡಿ, ಏಡಿ, ಮಾಂಸ ಕೊಯ್ದು ಕೊಡುವ ಜಾಗ, ಕಾವಲಿ ಮೇಲೆ ಆಗಲೇ ಮಾಡಿಕೊಡುವ ಜಾಗ ಎಲ್ಲ ಹಿಂದೆ, ಮೂಲೆಯಲ್ಲಿ. ಮೊದಲೇ ತುಂಬಿಸಿಕೊಂಡರೆ ಅಲ್ಲಿಗೆ ಹೋಗುವಷ್ಟರಲ್ಲಿ ತಟ್ಟೆಯಲ್ಲಿ ಜಾಗ ಇರುವುದಿಲ್ಲ. ಇದನ್ನು ಮೋಸ ಅಂತೇನೂ ಅನ್ನಲಾರೆ, ಅವರ ವ್ಯಾಪಾರ ನಡೆಯುವುದೇ ಹೀಗೆ. ಮದುವೆ ಮನೆಯ ಬಫೆಯಲ್ಲೂ ಅನ್ನದ ಬಾತುಗಳು ಮುಂದೇ ಇರುತ್ತವೆ, ಅಲ್ವಾ?

ಸುತ್ತು ಹಾಕುವಾಗ ಮೂರು ನೋಡಿ: ಈಗಷ್ಟೇ ಬಂದ ಟ್ರೇ ಯಾವುದು, ನಿಮಗೆ ಆಗದ್ದು ಯಾವುದು, ಯಾವುದಕ್ಕೆ ಜನ ಸಾಲು ನಿಂತಿದ್ದಾರೆ. ಚೀನೀ ಕುಟುಂಬವೊಂದು ಬಂದಿದ್ದರೆ ಅವರು ಏನು ಹಾಕಿಕೊಳ್ಳುತ್ತಿದ್ದಾರೆ ಅಂತಲೂ ಒಂದು ಕಣ್ಣಿಡಿ. ನಾನು ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು ರುಚಿ ನೋಡಿದ್ದು ಹಾಗೇ.

ತಟ್ಟೆಯ ನಿಯಮ

ಪ್ರತಿ ಸುತ್ತಿಗೂ ಹೊಸ ತಟ್ಟೆ. ತಿಂದ ತಟ್ಟೆ ಹಿಡಿದು ಮತ್ತೆ ಸಾಲಿಗೆ ಹೋಗಬಾರದು. ಇದು ಬರೀ ಮರ್ಯಾದೆ ಅಲ್ಲ, ಆಹಾರ ಸಂಹಿತೆಯಲ್ಲೇ ಇರುವ ನಿಯಮ. "ಸುಮ್ನೆ ಯಾಕೆ ಇನ್ನೊಂದು ತಟ್ಟೆ ತೊಳೆಸಬೇಕು" ಅಂತ ನಮ್ಮತ್ತೆಗೆ ಬಹಳ ಸಂಕಟವಾಗಿತ್ತು. ಎಂಜಲಿನ ತಟ್ಟೆಗೆ ತಾಗಿದ ಸೌಟು ಮತ್ತೆ ಟ್ರೇಗೆ ಹೋಗುತ್ತದೆ ಎಂದ ಕೂಡಲೇ ಅವರಿಗೆ ಅರ್ಥವಾಯಿತು. ಎಂಜಲು ಮುಸುರೆ ನಮಗೆ ಹೊಸದಾಗಿ ಹೇಳಿಕೊಡಬೇಕಾದ್ದಲ್ಲ. ಟ್ರೇಗಳ ಮೇಲೆ ಓರೆಯಾಗಿ ನಿಲ್ಲಿಸಿದ ಗಾಜು ಇರುತ್ತದಲ್ಲ, ಸೀನಿದರೆ ತಿನಿಸಿನ ಮೇಲೆ ಬೀಳದಿರಲಿ ಎಂದು, ಅದಕ್ಕೆ 1959ರಲ್ಲಿ ಪೇಟೆಂಟ್ ಪಡೆದದ್ದು ಜಾನಿ ಗಾರ್ನೋ ಎಂಬ ಹೋಟೆಲಿನವರು. ಮಕ್ಕಳು ಆ ಗಾಜಿನ ಕೆಳಗೆ ತಲೆ ತೂರಿಸದಂತೆ ನೋಡಿಕೊಳ್ಳಿ.

ಒಂದು ತಿನಿಸಿಗೆ ಒಂದೇ ಚಮಚದಷ್ಟು. ಹಿಡಿಸಿದರೆ ಮತ್ತೆ ಹೋಗಬಹುದು, ಯಾರೂ ಲೆಕ್ಕ ಇಡುವುದಿಲ್ಲ. ಸಾಸ್ ಇರುವುದನ್ನೂ ಗರಿಗರಿ ಇರುವುದನ್ನೂ ಒಂದೇ ತಟ್ಟೆಗೆ ಹಾಕಬೇಡಿ, ಎಲ್ಲ ಸೇರಿ ಗೊಜ್ಜಾಗುತ್ತದೆ. ಬಡಿಸಿಕೊಂಡು ಬಂದ ಮೇಲೆ ಕೈ ತೊಳೆಯಿರಿ. ಆ ಸೌಟಿನ ಹಿಡಿ ನಿಮಗಿಂತ ಮುಂಚೆ ನೂರು ಜನ ಮುಟ್ಟಿದ್ದು.

ಮೊದಲ ಸುತ್ತು ಸೂಪ್, ಸೌತೆಕಾಯಿ, ಒಂದೆರಡು ಕರಿದದ್ದು. ಎರಡನೆಯದು ಕಾವಲಿ ತಿನಿಸು ಮತ್ತು ಮುಖ್ಯ ಪದಾರ್ಥ. ಅನ್ನ ನೂಡಲ್ಸ್ ಏನಿದ್ದರೂ ಮೂರನೆಯ ಸುತ್ತಿಗೆ, ಅದೂ ಜಾಗ ಉಳಿದರೆ.

ಸಸ್ಯಾಹಾರಿಗಳೇ, ಇಲ್ಲಿ ಸ್ವಲ್ಪ ನಿಲ್ಲಿ

ಹೆಚ್ಚು ಎಡವಟ್ಟಾಗುವುದು ಇಲ್ಲೇ. ತರಕಾರಿ ಕಂಡಿತು ಅಂದ ಮಾತ್ರಕ್ಕೆ ಸಸ್ಯಾಹಾರ ಅಲ್ಲ. ಊರಿನ ಚೈನೀಸ್ ಅಂಗಡಿಯ ಅಂದಾಜು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಗೋಬಿ ಮಂಚೂರಿ ಇಲ್ಲಿ ಸಿಗುವುದೇ ಇಲ್ಲ. ಅದು ಭಾರತದಲ್ಲಿ ಹುಟ್ಟಿದ ಚೈನೀಸು. (2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಎಂದಾಗ ಇಲ್ಲಿಯ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಶೋಕಾಚರಣೆ ನಡೆದಿತ್ತು.)

ಹಸಿರು ಹುರುಳಿಕಾಯಿ, ಬ್ರಾಕೊಲಿ, ಅಣಬೆ, ತೋಫು (ಸೋಯಾ ಹಾಲಿನ ಪನೀರು) ಇವು ಕಂದು ಬಣ್ಣದ ಸಾಸಿನಲ್ಲಿ ಮಿಂಚುತ್ತಿದ್ದರೆ ಅದರಲ್ಲಿ ಆಯ್ಸ್ಟರ್ ಸಾಸ್ ಇರುವ ಸಾಧ್ಯತೆ ಜಾಸ್ತಿ. ಅದು ಸಿಂಪಿಯಿಂದ ಮಾಡಿದ್ದು. ಸಾಸ್ ತೆಳ್ಳಗೆ, ಬೆಳ್ಳಗೆ ಇದ್ದರೂ ಕೋಳಿ ಬೇಯಿಸಿದ ನೀರು (ಚಿಕನ್ ಬ್ರಾತ್) ಹಾಕಿರುತ್ತಾರೆ. ಮಾಪೋ ತೋಫು ನೋಡಲು ಕೆಂಪಗೆ ಖಾರವಾಗಿ ನಮ್ಮ ನಾಲಿಗೆಗೆ ಹೊಂದುವ ಹಾಗಿರುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಹಂದಿ ಅಥವಾ ದನದ ಕೈಮಾ. ಫ್ರೈಡ್ ರೈಸಿನಲ್ಲಿ ಮೊಟ್ಟೆ ಖಾಯಂ. ಲೋ ಮೇನ್ ಎಂಬ ದಪ್ಪ ನೂಡಲ್ಸ್ ಮಾಡುವುದೇ ಮೊಟ್ಟೆ ಹಾಕಿ. ಮೇ ಫನ್ ಅಕ್ಕಿಯದು, ನಮ್ಮ ಶಾವಿಗೆ ಥರ. ಆದರೆ ಜೊತೆಗೆ ಸೀಗಡಿ ಬೆರೆತಿದೆಯೇ ನೋಡಿ. ಎಗ್ ರೋಲಿನ ಒಳಗೆ ಹೆಚ್ಚಾಗಿ ಹಂದಿ, ತೆಳುವಾದ ಸ್ಪ್ರಿಂಗ್ ರೋಲಿನಲ್ಲಿ ಹೆಚ್ಚಾಗಿ ಕೋಸು. "ಹೆಚ್ಚಾಗಿ" ಎಂಬುದನ್ನು ಮರೆಯಬೇಡಿ, ಕೇಳಿಯೇ ಹಾಕಿಕೊಳ್ಳಿ.

ಹಾಟ್ ಆ್ಯಂಡ್ ಸೋರ್ ಸೂಪ್ ಊರಲ್ಲಿ ಎಲ್ಲರ ಪ್ರೀತಿಯದು. ಇಲ್ಲಿ ಅದರಲ್ಲಿ ಮೊಟ್ಟೆಯ ಎಳೆ ಇರುತ್ತದೆ, ಬಹಳ ಸಲ ಹಂದಿಮಾಂಸದ ಸಣ್ಣ ಚೂರುಗಳೂ. ಅದರಲ್ಲಿ ತೇಲುವ ಬೆಳ್ಳನೆಯ ಕಡ್ಡಿ ಕಳಲೆ. ಮಲೆನಾಡಿನವರೂ ಕರಾವಳಿಯವರೂ ನೋಡಿದ ಕೂಡಲೇ ಗುರುತಿಸುತ್ತಾರೆ. ಕಪ್ಪಗೆ ಕಿವಿ ಥರ ಇರುವುದು ಮಾಂಸವಲ್ಲ, ಒಂದು ಜಾತಿಯ ಅಣಬೆ.

ಕೇಳುವುದು ಹೇಗೆ? "ಇದು ವೆಜಿಟೇರಿಯನ್ನಾ" ಎಂದರೆ ಅಲ್ಲಿ ಕೆಲಸ ಮಾಡುವ ಹುಡುಗಿ ಹೌದು ಎಂದೇ ಹೇಳುತ್ತಾಳೆ, ಏಕೆಂದರೆ ಅವಳಿಗೆ ಕಾಣುವುದು ತರಕಾರಿ. ಬಿಡಿಸಿ ಕೇಳಿ: ಆಯ್ಸ್ಟರ್ ಸಾಸ್ ಇದೆಯಾ, ಚಿಕನ್ ಬ್ರಾತ್ ಇದೆಯಾ, ಮೊಟ್ಟೆ ಇದೆಯಾ. ನಾವು ಫೋನಿನಲ್ಲಿ ಈ ಮೂರು ಪ್ರಶ್ನೆಯನ್ನು ಚೀನೀ ಭಾಷೆಗೆ ತಿರುಗಿಸಿ ಇಟ್ಟುಕೊಂಡಿದ್ದೇವೆ. ಒಳಗೆ ಒಯ್ದು ಅಡುಗೆಯವರಿಗೆ ತೋರಿಸಿ ಬಂದು ಸರಿಯಾಗಿ ಹೇಳುತ್ತಾರೆ. ಒಮ್ಮೆ ಅಡುಗೆಯವರೇ ಹೊರಗೆ ಬಂದು ಯಾವ ಯಾವ ಟ್ರೇ ಬೇಡ ಎಂದು ಬೆರಳು ಮಾಡಿ ತೋರಿಸಿದರು.

ಎಲ್ಲ ಕೇಳಿದ ಮೇಲೂ ಒಂದು ಮಾತು. ಕರಿಯುವ ಎಣ್ಣೆ ಒಂದೇ ಇರುತ್ತದೆ. ಸೀಗಡಿ ಕರಿದ ಬಾಣಲೆಯಲ್ಲೇ ಸ್ಪ್ರಿಂಗ್ ರೋಲ್ ಏಳುತ್ತದೆ. ಪಕ್ಕದ ಟ್ರೇಯ ಸೌಟು ಇಲ್ಲಿಗೆ ಬಂದಿರುತ್ತದೆ. ಮಡಿ ಪಾಲಿಸುವವರಿಗೆ ಈ ಜಾಗ ಹೇಳಿದ್ದಲ್ಲ. ಕಡಲೆಕಾಯಿ, ಸೀಗಡಿ ಅಲರ್ಜಿ ಜೋರಾಗಿ ಇರುವವರಿಗಂತೂ ಬೇಡವೇ ಬೇಡ.

ಉಳಿದವರಿಗೆ ದಾರಿ ಇದೆ. ಹಬೆಯಲ್ಲಿ ಬೇಯಿಸಿದ ತರಕಾರಿ, ಬಿಳಿ ಅನ್ನ, ಸೌತೆಕಾಯಿ ಅಥವಾ ಬೆಣ್ಣೆಹಣ್ಣಿನ ಸುಶಿ (ಜಪಾನಿನ ಅನ್ನದ ಸುರುಳಿ), ಹಣ್ಣು, ಸಲಾಡ್. ಸುಶಿಯಲ್ಲಿ ಕ್ಯಾಲಿಫೋರ್ನಿಯಾ ರೋಲ್ ಬಿಡಿ, ಅದರಲ್ಲಿರುವುದು ಮೀನಿನಿಂದ ಮಾಡಿದ ನಕಲಿ ಏಡಿ. ಎಲ್ಲಕ್ಕಿಂತ ಒಳ್ಳೆಯದು ಮುಂದೆ ಹೇಳುವ ಕಾವಲಿ.

ಮೂಲೆಯ ಕಾವಲಿ

ಹಿಬಾಚಿ ಅಥವಾ ಮಂಗೋಲಿಯನ್ ಗ್ರಿಲ್ ಎಂದು ಬೋರ್ಡ್ ಇರುತ್ತದೆ. ಮಂಗೋಲಿಯಾಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಮಂಗೋಲಿಯನ್ ಬಾರ್ಬೆಕ್ಯೂ ಶುರುವಾದದ್ದು 1951ರಲ್ಲಿ ತೈವಾನಿನ ತೈಪೆಯಲ್ಲಿ. ಬಟ್ಟಲಿಗೆ ಹಸಿ ತರಕಾರಿ, ತೋಫು, ನೂಡಲ್ಸ್ ನೀವೇ ಹಾಕಿಕೊಂಡು ಕೊಡುತ್ತೀರಿ. ಅವರು ದೊಡ್ಡ ಕಾವಲಿ ಮೇಲೆ ಎರಡೇ ನಿಮಿಷದಲ್ಲಿ ಹುರಿದು ಕೊಡುತ್ತಾರೆ. ಸಾಸ್ ಯಾವುದು ಎಂದು ಕೇಳುತ್ತಾರೆ. ಸಸ್ಯಾಹಾರಿಗಳು ಸೋಯಾ, ಬೆಳ್ಳುಳ್ಳಿ, ಮೆಣಸಿನ ಎಣ್ಣೆ ಎಂದರೆ ಸಾಕು. ಬೇಯಿಸುವ ಮೊದಲು ಕಾವಲಿ ಕೆರೆದು ತೊಳೆಯಲು ಹೇಳಿ. ನೀರು ಹಾಕಿ ಚುಂಯ್ ಎನಿಸಿ ಒರೆಸಿ ಮಾಡುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ತರಕಾರಿ ಬೆಂದ ಮೇಲೆ ಬಹಳ ಇಳಿಯುತ್ತದೆ, ಬಟ್ಟಲು ಗೋಪುರ ಮಾಡಿಯೇ ತುಂಬಿ. ಎರಡನೇ ಸಲ ಬಫೆಗೆ ಬಂದಾಗ ಮಾವ ಇಲ್ಲಿಂದ ಕದಲಲೇ ಇಲ್ಲ. ಪಕ್ಕದ ಡಬ್ಬಿಯಲ್ಲಿ ಒಂದೆರಡು ಡಾಲರ್ ಹಾಕುವುದು ರೂಢಿ.

ಮಾಂಸ ಮೀನು ತಿನ್ನುವವರಿಗೆ

ದನದ ಮಾಂಸ ಬೇಡ ಎನ್ನುವವರು ಬೀಫ್ ಎಂಬ ಪದ ಒಂದನ್ನೇ ಹುಡುಕಿದರೆ ಸಾಲದು. ಪೆಪ್ಪರ್ ಸ್ಟೇಕ್ ಎಂದು ಬರೆದಿರುವುದೂ ಅದೇ. ಸ್ಪೇರ್ ರಿಬ್ಸ್, ಚಾರ್ ಸಿಯು ಹಂದಿ. ಕಡುಬಿನ ಥರದ ಡಂಪ್ಲಿಂಗ್ ಒಳಗೂ ಬಹುತೇಕ ಹಂದಿಯೇ. ಹೆಸರಿನ ಚೀಟಿ ಪಕ್ಕದ ಟ್ರೇಗೆ ಜಾರಿರುವುದೂ ಉಂಟು.

ಜನರಲ್ ತ್ಸೋ ಚಿಕನ್ ಎಂಬ ಸಿಹಿ ಖಾರದ ಕೋಳಿ ಎಲ್ಲ ಬಫೆಯಲ್ಲೂ ಇರುತ್ತದೆ. ಹೆಸರು ಚೀನಾದ ಹುನಾನ್ ಪ್ರಾಂತ್ಯದ 19ನೇ ಶತಮಾನದ ಸೇನಾಪತಿಯದು, ಆದರೆ ಅವನು ಅದನ್ನು ತಿಂದವನೇ ಅಲ್ಲ. ತೈವಾನಿಗೆ ಹೋಗಿ ನೆಲೆಸಿದ ಹುನಾನಿನ ಬಾಣಸಿಗ ಪೆಂಗ್ ಚಾಂಗ್‌ಕ್ವೇ 1950ರ ದಶಕದಲ್ಲಿ ಮಾಡಿದ್ದು. ಅವರ ಮೂಲ ಅಡುಗೆಯಲ್ಲಿ ಸಕ್ಕರೆ ಇರಲಿಲ್ಲ, ಅದು ಅಮೆರಿಕದಲ್ಲಿ ಸೇರಿದ್ದು. ಬಿಸಿ ಟ್ರೇ ಬಂದಾಗ ಮಾತ್ರ ತಿನ್ನಿ. ಹತ್ತು ನಿಮಿಷ ಕಳೆದರೆ ಮೇಲಿನ ಹಿಟ್ಟು ಮೆತ್ತಗಾಗಿ ಅಂಟುತ್ತದೆ.

ಏಡಿ ಕಾಲುಗಳು ಸಾಮಾನ್ಯವಾಗಿ ರಾತ್ರಿ, ವಾರಾಂತ್ಯದಲ್ಲಿ ಮಾತ್ರ. ಟ್ರೇ ಬಂದ ಕೂಡಲೇ ಪ್ರಸಾದಕ್ಕೆ ಮುಗಿಬಿದ್ದ ಹಾಗೆ ಜನ ಸೇರುತ್ತಾರೆ. ನುಗ್ಗಬೇಡಿ, ಕಾಲು ಗಂಟೆಯಲ್ಲಿ ಇನ್ನೊಂದು ಟ್ರೇ ಬರುತ್ತದೆ. ಕೀಲು ಇರುವ ಕಡೆ ಹಿಂದಕ್ಕೆ ಮಡಚಿ ಮುರಿದು ಎಳೆದರೆ ಮಾಂಸ ಇಡಿಯಾಗಿ ಬರುತ್ತದೆ. ಕೈಯಲ್ಲೇ ತಿನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ರಕ್ತದೊತ್ತಡ ಇರುವವರು ಸೋಯಾ ಸಾಸ್ ಮೇಲೆ ಮೇಲೆ ಸುರಿಯಬೇಡಿ. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 2000. ಸಕ್ಕರೆ ಕಾಯಿಲೆಯವರಿಗೆ ಕಿತ್ತಳೆ, ಎಳ್ಳು, ತ್ಸೋ ಎಂಬ ಮೂರು ಕೋಳಿಗಳೂ ಒಂದೇ, ಎಲ್ಲದರಲ್ಲೂ ಸಕ್ಕರೆ ಪಾಕ. ಅಜಿನೊಮೊಟೊ ಬಗ್ಗೆ ಮಾತ್ರ ಜಾಸ್ತಿ ಹೆದರಬೇಕಿಲ್ಲ. ಅದರ ಅಪಖ್ಯಾತಿ ಶುರುವಾದದ್ದು 1968ರಲ್ಲಿ ವೈದ್ಯ ಪತ್ರಿಕೆಯೊಂದಕ್ಕೆ ಬಂದ ಒಂದು ಓದುಗರ ಪತ್ರದಿಂದ. ಎಫ್‌ಡಿಎ ಅದನ್ನು ಉಪ್ಪು, ಬೇಕಿಂಗ್ ಪೌಡರಿನ ಸಾಲಿನಲ್ಲೇ ಇಟ್ಟಿದೆ.

ಸಿಹಿ

ಕೇಕು, ಪುಡಿಂಗು ನೋಡಲು ಚೆಂದ, ತಿನ್ನಲು ಸಪ್ಪೆ. ಬಣ್ಣಬಣ್ಣದ ಜೆಲ್ಲಿ ಸಸ್ಯಾಹಾರಿಗಳಿಗೆ ಬೇಡ, ಅದರ ಜೆಲಾಟಿನ್ ಪ್ರಾಣಿಯ ಚರ್ಮ, ಮೂಳೆಯಿಂದ ಬಂದದ್ದು. ಸಕ್ಕರೆಯಲ್ಲಿ ಹೊರಳಿಸಿದ ಡೋನಟ್ ಬಿಸಿ ಇದ್ದರೆ ಒಂದು ತಿನ್ನಿ, ಮಂಗಳೂರು ಬನ್ಸಿನ ದೂರದ ನೆಂಟ.

ಹುಡುಕಬೇಕಾದದ್ದು ಎಳ್ಳುಂಡೆ ಥರ ಕಾಣುವ, ಟೆನ್ನಿಸ್ ಚೆಂಡಿಗಿಂತ ಸಣ್ಣ, ಕರಿದ ಉಂಡೆ. ಅಂಟು ಅಕ್ಕಿಯ ಹಿಟ್ಟಿನ ಹೊದಿಕೆ, ಮೇಲೆ ಎಳ್ಳು, ಒಳಗೆ ಕೆಂಪು ಕಾಳಿನ ಸಿಹಿ ಹೂರಣ. ಅತ್ತೆ ಅರ್ಧ ಕಚ್ಚಿ ಒಳಗೆ ನೋಡಿ "ಇದು ನಮ್ಮ ಸುಕ್ಕಿನುಂಡೆ ಅಲ್ವಾ? ಬೆಲ್ಲ ಕಡಿಮೆ ಆಯ್ತು" ಎಂದರು. ಆಮೇಲೆ ಇನ್ನೆರಡು ತಂದರು. ಡಬ್ಬಿಯ ಲಿಚಿ ಇದ್ದರೆ ಅದೂ ಹಾಕಿಕೊಳ್ಳಿ.

ಉಳಿದದ್ದು, ಬಿಲ್ಲು, ಟಿಪ್

ಉಳಿದದ್ದನ್ನು ಕಟ್ಟಿಸಿಕೊಳ್ಳುವಂತಿಲ್ಲ. ಪರ್ಸಿನಲ್ಲಿ ಹಾಕಿಕೊಂಡು ಹೋಗುವುದಂತೂ ಖಂಡಿತ ಬೇಡ, ನಮ್ಮವರೇ ಸಿಕ್ಕಿಬಿದ್ದದ್ದು ನೋಡಿದ್ದೇನೆ. ತಟ್ಟೆಯಲ್ಲಿ ಬಹಳ ಬಿಟ್ಟರೆ ದಂಡ ಎಂದು ಕೆಲವು ಕಡೆ ಬೋರ್ಡ್ ಇದೆ, ಎರಡು ಗಂಟೆಯ ಮಿತಿಯೂ ಇರಬಹುದು. ಮನೆಗೆ ಬೇಕಾದರೆ ಬೇರೆ ಡಬ್ಬಿ ಕೊಡುತ್ತಾರೆ, ತೂಕದ ಮೇಲೆ ದುಡ್ಡು.

ಬಿಲ್ಲಿನ ಜೊತೆ ಫಾರ್ಚೂನ್ ಕುಕಿ ಬರುತ್ತದೆ, ಒಳಗೆ ಭವಿಷ್ಯದ ಚೀಟಿ ಇಟ್ಟ ಬಿಸ್ಕತ್ತು. ಇದೂ ಚೀನಾದ್ದಲ್ಲ, ಜಪಾನಿನಿಂದ ಬಂದದ್ದು. ಕೌಂಟರಿನ ಕೈ ಆಡಿಸುವ ಬೆಕ್ಕೂ ಅಲ್ಲಿಯದೇ. ಚೀಟಿಯ ಹಿಂದೆ ಕೆಲವು ಅಂಕಿಗಳಿರುತ್ತವೆ. 2005ರ ಮಾರ್ಚಿನಲ್ಲಿ ಪವರ್‌ಬಾಲ್ ಲಾಟರಿಯ ಎರಡನೇ ಬಹುಮಾನ ಒಟ್ಟಿಗೇ 110 ಜನಕ್ಕೆ ಹೊಡೆಯಿತು. ಮೋಸ ಇರಬೇಕು ಎಂದು ಅಧಿಕಾರಿಗಳು ತಲೆ ಕೆಡಿಸಿಕೊಂಡರು. ವಿಚಾರಿಸಿದರೆ, ಕುಕಿ ಚೀಟಿಯ ಅಂಕಿಗಳನ್ನೇ ಬರೆದವರು! ಈ ಕಥೆ ಕೇಳಿದ ಮಾವ ತಮ್ಮ ಚೀಟಿಯನ್ನು ಮಡಚಿ ಪಾಸ್‌ಪೋರ್ಟಿನ ಕವರಿನೊಳಗೆ ಇಟ್ಟುಕೊಂಡರು.

ಟಿಪ್ ವಿಷಯಕ್ಕೆ ನಮ್ಮವರಲ್ಲಿ ಚರ್ಚೆ ಜಾಸ್ತಿ. ನಾವೇ ಬಡಿಸಿಕೊಂಡಿದ್ದೇವೆ, ಯಾಕೆ ಕೊಡಬೇಕು ಎನ್ನುತ್ತಾರೆ. ತಟ್ಟೆ ಎತ್ತಿದ್ದು, ನೀರು ತುಂಬಿಸಿದ್ದು, ಮಗು ಚೆಲ್ಲಿದ್ದನ್ನು ಒರೆಸಿದ್ದು ಯಾರು? ಟಿಪ್ ಸಿಗುವ ಕೆಲಸಗಾರರಿಗೆ ಕೊಡಲೇಬೇಕಾದ ಫೆಡರಲ್ (ಕೇಂದ್ರ ಸರ್ಕಾರದ) ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅಷ್ಟೇ ಇದೆ. ಬಹಳಷ್ಟು ರಾಜ್ಯಗಳು ಇದಕ್ಕಿಂತ ಜಾಸ್ತಿ ಕೊಡಿಸುತ್ತವೆ, ಎಲ್ಲವೂ ಅಲ್ಲ. ಇಂಥ ಬಫೆಗಳಲ್ಲಿ ದುಡಿಯುವ ಬಹಳ ಜನ ಚೀನಾದ ಫುಜಿಯಾನ್ ಪ್ರಾಂತ್ಯದವರು. ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ ಕೆಲಸ ಕೊಡಿಸುವವರ ಮೂಲಕ ಗೊತ್ತಾಗಿ, ರಾತ್ರಿ ಬಸ್ಸು ಹತ್ತಿ ಹೆಸರೇ ಕೇಳದ ಊರಿಗೆ ಬಂದು, ಮಾಲೀಕರು ಕೊಟ್ಟ ಮನೆಯಲ್ಲಿ ನಾಲ್ಕೈದು ಜನ ಒಟ್ಟಿಗೆ ಇರುತ್ತಾರೆ. ಕರಾವಳಿಯ ಹುಡುಗರು ಮುಂಬೈ ಹೋಟೆಲುಗಳಿಗೆ ಹೋಗಿ ಸೇರಿಕೊಂಡದ್ದನ್ನು ಕೇಳಿ ಬಲ್ಲ ಮಾವನಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ಬಿಲ್ಲಿನ ನೂರಕ್ಕೆ ಹತ್ತರಷ್ಟು ಲೆಕ್ಕ ಹಾಕಿ. ಚಿಕ್ಕ ಮಕ್ಕಳಿದ್ದರೆ ಹದಿನೈದು. ಮುಂಬಾಗಿಲಲ್ಲೇ ದುಡ್ಡು ಕೊಟ್ಟು ಒಳಗೆ ಹೋಗುವ ಜಾಗವಾದರೆ ಟಿಪ್ ಬಿಟ್ಟುಹೋಗುವುದು ಸುಲಭ, ಅದಕ್ಕೇ ಐದು ಡಾಲರಿನ ಒಂದೆರಡು ನೋಟು ಜೇಬಿನಲ್ಲಿರಲಿ. ಏಳುವಾಗ ಲೋಟದ ಕೆಳಗೆ ಇಟ್ಟು ಬನ್ನಿ.